ಗ್ಯಾಲಿ ಕೆಳಗಿನ ಮೂರನೇ ಬೀಮ್: ಹಳೆಯ ವಿಮಾನವೊಂದರ ಕೊರೋಷನ್ ರಿಪೇರಿ

ಕಬ್ಬಿಣಕ್ಕೆ ಹಿಡಿದರೆ ತುಕ್ಕು, ತಾಮ್ರಕ್ಕೆ ಹಿಡಿದರೆ ಕಿಲುಬು. ಅಲ್ಯೂಮಿನಿಯಂ ಮೇಲೆ ಏಳುವ ಬಿಳಿ ಪುಡಿಗೆ ಮಾತ್ರ ಹ್ಯಾಂಗರಿನಲ್ಲಿ ಕನ್ನಡದ ಹೆಸರು ಬಳಕೆಗೇ ಬರಲಿಲ್ಲ. ನಾವೆಲ್ಲ ಕೊರೋಷನ್ ಅಂತಲೇ ಅನ್ನುತ್ತೇವೆ. 'ಅಲ್ಯೂಮಿನಿಯಂ ತುಕ್ಕು ಹಿಡಿಯಲ್ಲ' ಅಂತ ಹೊರಗಿನವರು ಹೇಳಿದಾಗ ಸುಮ್ನೆ ನಕ್ಕು ಬಿಡುತ್ತೇನೆ. ಕೆಂಪು ತುಕ್ಕು ಹಿಡಿಯುವುದಿಲ್ಲ ಅನ್ನುವುದೇನೋ ನಿಜ.

ಈ ಸಲ ಕೈಗೆ ಬಂದದ್ದು 22 ವರ್ಷದ ವಿಮಾನ. ಒಂದೇ ನಡುದಾರಿ, ಎರಡು ಎಂಜಿನ್. ದೊಡ್ಡ ಚೆಕ್‌ಗೆ, ಅಂದರೆ ಬಿಚ್ಚಿ ಪೂರ್ತಿ ತಪಾಸಣೆ ಮಾಡುವುದಕ್ಕೆ, ಬಂದಿತ್ತು. ನನಗೆ ಬಿದ್ದ ಪಾಲು ಹಿಂಬದಿಯ ಗ್ಯಾಲಿ, ಅಂದರೆ ವಿಮಾನದ ಅಡುಗೆಮೂಲೆ, ಮತ್ತು ಟಾಯ್ಲೆಟ್‌ಗಳ ಕೆಳಗಿನ ನೆಲ. ಶೀಟ್ ಮೆಟಲ್ ಕೆಲಸದವರು ಯಾರೂ ಖುಷಿಯಿಂದ ಕೈ ಎತ್ತುವ ಜಾಗ ಅಲ್ಲ ಇದು. ಹತ್ತು ದಿನದ ಕೆಲಸವನ್ನು ನನ್ನ ನೋಟ್‌ಬುಕ್ ನೋಡಿಕೊಂಡು ಬರೆಯುತ್ತಿದ್ದೇನೆ.

ದಿನ 1

ಗ್ಯಾಲಿ, ಟಾಯ್ಲೆಟ್ ಎರಡನ್ನೂ ಬೇರೆ ತಂಡ ಮೊದಲೇ ಹೊರಗೆ ಎಳೆದಿತ್ತು. ನಮ್ಮದು ನೆಲದ ಪ್ಯಾನೆಲ್‌ಗಳಿಂದ ಶುರು. ಮೊದಲ ಪ್ಯಾನೆಲ್‌ನ 60 ಸ್ಕ್ರೂಗಳಲ್ಲಿ 14 ಅಲುಗಲೇ ಇಲ್ಲ. ತಲೆ ಸವೆದು ಹೋಗಿತ್ತು, ಡ್ರಿಲ್ ಮಾಡಿ ತೆಗೆದೆವು. ಸ್ಕ್ರೂ ಹಟ ಹಿಡಿದರೆ ಕೆಳಗೆ ಏನೋ ಇದೆ ಅಂತಲೇ ಅರ್ಥ. ಪ್ಯಾನೆಲ್ ಎತ್ತಿದ ಕೂಡಲೇ ಮೂಗಿಗೆ ಹೊಡೆಯಿತು. ಹಳೇ ಕಾಫಿ, ಜ್ಯೂಸ್, ಟಾಯ್ಲೆಟ್‌ನ ನೀಲಿ ನೀರು, ಎಲ್ಲಾ ಸೇರಿ ಹುಳಿಯಾದ ವಾಸನೆ.

ನೆಲವನ್ನು ಹೊರುವ ಅಡ್ಡ ತೊಲೆಗಳು, ಅಂದರೆ ಬೀಮ್‌ಗಳ ಮಧ್ಯೆ ಕೆಳಗೆ ಇನ್ಸುಲೇಷನ್ ಬ್ಲ್ಯಾಂಕೆಟ್‌ಗಳು ಇರುತ್ತವೆ. ಒಣಗಿದ್ದರೆ ಒಂದು ಬೆರಳಿಗೆ ನೇತು ಹಾಕಬಹುದು. ಒಂದನ್ನು ಎತ್ತಿದೆ ನೋಡಿ, ಗ್ಲೌಸ್ ದಾಟಿ ಮೊಣಕೈವರೆಗೂ ನೀರು ಇಳಿಯಿತು. ಜೊತೆಗಿದ್ದ ಟ್ರೈನಿ ಹುಡುಗ ಕೇಳಿದ, "ಸರ್, ಮಳೆ ನೀರು ಒಳಗೆ ಬಂತಾ?"

ಮಳೆ ಅಲ್ಲಪ್ಪ, ಉಸಿರು ಅಂದೆ. 35,000 ಅಡಿ ಮೇಲೆ ಹೊರಗಡೆ ಮೈನಸ್ 50 ಡಿಗ್ರಿ ಆಸುಪಾಸು. ಒಳಗೆ ನೂರೈವತ್ತು ಜನ ಉಸಿರಾಡುತ್ತಾ ಕೂತಿರುತ್ತಾರೆ. ಆ ತೇವ ಗೋಡೆಯ ಹಿಂದೆ ನುಸುಳಿ, ತಣ್ಣಗಾದ ತಗಡಿನ ಒಳಮೈಗೆ ಮಂಜಾಗಿ ಕೂರುತ್ತದೆ. ಕೆಳಗೆ ಇಳಿಯುವಾಗ ಕರಗಿ ಹರಿಯುತ್ತದೆ. ಪ್ರತಿ ಹಾರಾಟದಲ್ಲೂ ಇದೇ ಕಥೆ. ಇದರ ಮೇಲೆ ಗ್ಯಾಲಿಯಲ್ಲಿ ಚೆಲ್ಲಿದ್ದು, ಟಾಯ್ಲೆಟ್‌ನಲ್ಲಿ ಸೋರಿದ್ದು ಸೇರುತ್ತದೆ. ಬರೀ ನೀರಾದರೆ ಹೇಗೋ ಆಗುತ್ತಿತ್ತು. ಉಪ್ಪು, ಹುಳಿ ಬೆರೆತ ನೀರು ಅಲ್ಯೂಮಿನಿಯಂಗೆ ಆಗಿ ಬರುವುದಿಲ್ಲ.

ವ್ಯಾಕ್ಯೂಮ್ ಹಾಕಿದಾಗ ಸಿಕ್ಕಿದ್ದು: ಎರಡು ಚಮಚ, ಒಂದು ಹೇರ್ ಕ್ಲಿಪ್, ನಾಣ್ಯಗಳು, ಕಾಗದದ ಕಪ್ಪು ಮುದ್ದೆ. ಮುದ್ದೆಯನ್ನು ಕಸದ ಡಬ್ಬಿಗೆ ಹಾಕಿದೆ. ಅದು ಎಲ್ಲಿತ್ತು ಅಂತ ಬರೆದಿಟ್ಟುಕೊಳ್ಳಬೇಕಿತ್ತು.

ದಿನ 2

ಇಡೀ ದಿನ ತೊಳೆಯುವುದೇ ಆಯಿತು. ಹಿಂದೆ ಹೊಡೆದಿದ್ದ ಕೊರೋಷನ್ ತಡೆಯುವ ದ್ರವ, ನಾವು ಸಿಐಸಿ ಅನ್ನುತ್ತೇವೆ, ಒಣಗಿ ಕಂದು ವಾರ್ನಿಷ್ ಥರ ಆಗಿತ್ತು. ಅದರೊಳಗೆ ಧೂಳು, ನೂಲು, ಕೂದಲು ಎಲ್ಲಾ ಸಿಕ್ಕಿಕೊಂಡಿತ್ತು. ಅದನ್ನು ಪೂರ್ತಿ ತೆಗೆಯದೆ ನೋಡಿದೆ ಅನ್ನುವುದು ನೋಡದೇ ಇದ್ದಂತೆಯೇ. ಸಾಲ್ವೆಂಟ್, ಬಟ್ಟೆ, ಪ್ಲಾಸ್ಟಿಕ್ ಸ್ಕ್ರೇಪರ್. ಲೋಹದ ಸ್ಕ್ರೇಪರ್ ಮುಟ್ಟಬಾರದು. ಒಂದು ಗೀರು ಬಿದ್ದರೆ ಮುಂದಿನ ಕೊರೋಷನ್‌ಗೆ ನಾವೇ ಬಾಗಿಲು ತೆಗೆದುಕೊಟ್ಟ ಹಾಗೆ.

ಆಮೇಲೆ ಟಾರ್ಚ್. ನೇರವಾಗಿ ಬಿಟ್ಟರೆ ಏನೂ ಕಾಣಲ್ಲ. ಲೋಹಕ್ಕೆ ತಾಗಿಸಿದಂತೆ ಓರೆಯಾಗಿ ಹಿಡಿಯಬೇಕು. ಆಗ ಪೇಂಟ್ ಅಡಿಯ ಒಂದೊಂದು ಗುಳ್ಳೆಗೂ ನೆರಳು ಬೀಳುತ್ತದೆ. ಜೊತೆಗೆ ಉಗುರು. ಗ್ಲೌಸ್ ಬಿಚ್ಚಿ ಅಂಚಿನ ಉದ್ದಕ್ಕೂ ಉಗುರು ಎಳೆದುಕೊಂಡು ಹೋಗುವುದು ನನ್ನ ಹಳೇ ಚಾಳಿ.

ಆರು ಬೀಮ್‌ಗಳಲ್ಲಿ ಮೂರು ಚೆನ್ನಾಗಿದ್ದವು. ಎರಡರಲ್ಲಿ ರಿವೆಟ್‌ಗಳ ಸುತ್ತ ಬಿಳಿ ಪುಡಿ, ಅಷ್ಟೇ. ಹಿಂದಿನಿಂದ ಮೂರನೆಯ ಬೀಮ್‌ನಲ್ಲಿ ಉಗುರು ನಿಂತಿತು.

ಮೇಲಿನ ಪಟ್ಟಿಯ ಅಂಚು ಅಲ್ಲಿ ದಪ್ಪಗಾಗಿತ್ತು. ಸವೆದು ತೆಳ್ಳಗಾಗಬೇಕಾದ ಲೋಹ ದಪ್ಪ ಆಗುವುದೇ ಈ ರೋಗದ ಲಕ್ಷಣ. 10 ಪಟ್ಟು ದೊಡ್ಡದು ಮಾಡುವ ಮಸೂರದಲ್ಲಿ ನೋಡಿದೆ. ನೀರಲ್ಲಿ ನೆಂದು ಒಣಗಿದ ಪುಸ್ತಕದ ಅಂಚು ಹೇಗೆ ಬಿಚ್ಚಿಕೊಳ್ಳುತ್ತದೆ, ಥೇಟ್ ಹಾಗೆ. ಹಾಳೆ ಹಾಳೆಯಾಗಿ ಎದ್ದ ಲೋಹ, ಮಧ್ಯೆ ಬೂದು ಬಿಳಿ ಪುಡಿ. ಪ್ಲಾಸ್ಟಿಕ್ ತುದಿಯಿಂದ ಮೆಲ್ಲಗೆ ಕೆದಕಿದರೆ ಒಂದು ಚಕ್ಕೆ ಎದ್ದು ಕೈಗೇ ಬಂತು. ಇದಕ್ಕೆ ಎಕ್ಸ್‌ಫೋಲಿಯೇಷನ್ ಅನ್ನುತ್ತಾರೆ.

ಆಗುವುದು ಹೀಗೆ. ಈ ಬೀಮ್‌ಗಳ ಮೇಲಿನ ಪಟ್ಟಿ 7075-ಟಿ6 ಅನ್ನುವ ಅಲ್ಯೂಮಿನಿಯಂ ಮಿಶ್ರಲೋಹ. ಟಿ6 ಅನ್ನುವುದು ಅದನ್ನು ಕಾಯಿಸಿ ಹದ ಮಾಡಿದ ಬಗೆ. ಅಚ್ಚಿನಿಂದ ಒತ್ತಿ ಎಳೆದು ಮಾಡಿದ್ದು. ಎಳೆಯುವಾಗ ಲೋಹದ ಒಳಗಿನ ಹರಳುಗಳು ಚಪ್ಪಟೆಯಾಗಿ ಒಂದರ ಮೇಲೊಂದು ಮಲಗುತ್ತವೆ. ಕೊರೋಷನ್ ಆ ಹರಳುಗಳ ಗಡಿ ಹಿಡಿದು ಒಳಗೆ ಹೋಗುತ್ತದೆ. ಹುಟ್ಟುವ ಪುಡಿಗೆ ತಿಂದ ಲೋಹಕ್ಕಿಂತ ಜಾಸ್ತಿ ಜಾಗ ಬೇಕು. ಹಾಗಾಗಿ ಪದರಗಳನ್ನು ಮೇಲಕ್ಕೆ ದಬ್ಬುತ್ತದೆ. 7075 ತುಂಬಾ ಗಟ್ಟಿ, ಹಗುರ, ಅದಕ್ಕೇ ನೆಲದ ಬೀಮ್‌ಗೆ ಹಾಕಿದರು. ಆದರೆ ಟಿ6 ಹದದಲ್ಲಿ ಇದೊಂದು ದೌರ್ಬಲ್ಯ. ಆಮೇಲೆ ಬಂದ ಟಿ73 ಹದದಲ್ಲಿ ಬಲ ಸ್ವಲ್ಪ ಕಡಿಮೆ, ಆದರೆ ಈ ಪದರ ಏಳುವ ಕಾಟವೂ ಕಡಿಮೆ.

ದಿನ 3

ಪೇಂಟ್ ತೆಗೆದು ಉಜ್ಜುವ ದಿನ. ಅಲ್ಯೂಮಿನಿಯಂ ಆಕ್ಸೈಡ್ ಕಾಗದ, ನೈಲಾನ್ ಪ್ಯಾಡ್, ಕೊನೆಗೆ ಸಣ್ಣ ಗಾಳಿ ಮೋಟಾರಿಗೆ ಸಿಕ್ಕಿಸಿದ ಡಿಸ್ಕ್. ಉಕ್ಕಿನ ಬ್ರಷ್, ಸ್ಟೀಲ್ ವುಲ್ ಹತ್ತಿರ ಸುಳಿಯಬಾರದು. ಅದರ ಕಣ ಅಲ್ಯೂಮಿನಿಯಂಗೆ ಚುಚ್ಚಿಕೊಂಡು ಕೂತರೆ, ತೇವ ತಾಗಿದ ದಿನ ಒಂದೊಂದು ಕಣವೂ ಪುಟ್ಟ ಬ್ಯಾಟರಿ. ಕರಗುವ ಸರದಿ ಅಲ್ಯೂಮಿನಿಯಂನದು.

ಪಟ್ಟಿಯ ದಪ್ಪ 2.54 ಮಿಮೀ. ಈ ಜಾಗದಲ್ಲಿ ರಿಪೇರಿ ಇಲ್ಲದೆ ಉಜ್ಜಿ ಬಿಡಲು ಕೈಪಿಡಿ ಕೊಟ್ಟ ಮಿತಿ ಅದರ ಶೇಕಡಾ 10, ಅಂದರೆ 0.25 ಮಿಮೀ. ಸುಮ್ನೆ ಗುಂಡಿ ತೋಡಿ ಬಿಡುವ ಹಾಗಿಲ್ಲ. ಆಳ ಒಂದಾದರೆ ಸುತ್ತಲಿನ ಇಳಿಜಾರು ಇಪ್ಪತ್ತು ಇರಬೇಕು. ತಟ್ಟೆ ಥರ ಅಗಲವಾಗಿ, ಮೆಲ್ಲಗೆ ಇಳಿಯಬೇಕು. ಚೂಪಾದ ಅಂಚು ಉಳಿದರೆ ಬಿರುಕು ಅಲ್ಲಿಂದಲೇ ಶುರು.

ಉಜ್ಜಿದೆ. ಅಳೆದೆ, 0.18. ಇನ್ನೂ ಸ್ವಲ್ಪ. ಅಳೆದೆ, 0.23. ಲೋಹ ಫಳಫಳ ಹೊಳೆಯುತ್ತಿತ್ತು. ಒಂದು ಕಡೆ ಕೂದಲಿಗಿಂತ ತೆಳ್ಳಗಿನ ಬೂದು ಗೆರೆ. ಅದನ್ನೂ ಒಂದು ಸಲ ಪ್ಯಾಡ್‌ನಿಂದ ಸವರಿದೆ, ಮಾಯವಾಯಿತು. ಮಿತಿಯ ಒಳಗೇ ಮುಗಿಯಿತು ಅಂತ ಒಳಗೊಳಗೇ ಹಿಗ್ಗಿದೆ. ಹುಡುಗನಿಗೆ ಫೋಟೋ ತೆಗೆಯಲೂ ಹೇಳಿದೆ.

ಅಲ್ಲೇ ಎಡವಿದ್ದು. ಪ್ಯಾಡ್‌ನಿಂದ ಜೋರಾಗಿ ಸವರಿದರೆ ಮೆತ್ತನೆಯ ಅಲ್ಯೂಮಿನಿಯಂ ಆ ಗೆರೆಯ ಮೇಲೆ ಮೆತ್ತಿಕೊಂಡು ಬಾಯಿ ಮುಚ್ಚಿಬಿಡುತ್ತದೆ. ಕೊರೋಷನ್ ಹೋಗಿರುವುದಿಲ್ಲ, ಅಡಗಿರುತ್ತದೆ. ಮೇಲೆ ಥಳಕು, ಒಳಗೆ ಹುಳುಕು. ಇಷ್ಟು ವರ್ಷ ಇದೇ ಕೆಲಸ ಮಾಡಿದವನಿಗೆ ಗೊತ್ತಿರದ ವಿಷಯ ಅಲ್ಲ. ಸಂಜೆ ಆಗಿತ್ತು, 0.25 ಅನ್ನುವ ಅಂಕಿ ತಲೆಯಲ್ಲಿ ಕೂತಿತ್ತು, ಅಷ್ಟೇ.

ದಿನ 4

ಬೆಳಿಗ್ಗೆ ಎನ್‌ಡಿಟಿಯವರು, ಅಂದರೆ ಲೋಹಕ್ಕೆ ಪೆಟ್ಟು ಮಾಡದೆ ಒಳಗಿನ ದೋಷ ಹುಡುಕುವವರು, ಎಡ್ಡಿ ಕರೆಂಟ್ ಯಂತ್ರ ತಂದರು. ಪೆನ್ಸಿಲ್ ತುದಿಯಷ್ಟು ಪ್ರೋಬ್ ಅನ್ನು ಲೋಹದ ಮೇಲೆ ಆಡಿಸುತ್ತಾರೆ. ಅದು ಲೋಹದೊಳಗೆ ಸಣ್ಣ ಸುಳಿ ಕರೆಂಟ್ ಹುಟ್ಟಿಸುತ್ತದೆ. ದಾರಿಯಲ್ಲಿ ಬಿರುಕು ಇದ್ದರೆ ಸುಳಿ ಕದಡಿ ಪರದೆಯ ಚುಕ್ಕೆ ಜಿಗಿಯುತ್ತದೆ. ನನ್ನ ಹೊಳೆಯುವ ತಟ್ಟೆಯ ಮೇಲೆ ಪ್ರೋಬ್ ಬಂದದ್ದೇ ತಡ, ಚುಕ್ಕೆ ಪರದೆಯ ತುದಿಗೆ ಹಾರಿತು. ಅವರು ನನ್ನ ಮುಖ ನೋಡಿದರು. ನಾನು ಬೀಮ್ ನೋಡಿದೆ.

ಮತ್ತೆ ಉಜ್ಜಿದೆ. 0.3 ದಾಟಿತು, 0.4 ದಾಟಿತು. ಪ್ರತಿ ಸಲವೂ ಹೊಸ ಗೆರೆ. ಪೂರ್ತಿ ಶುದ್ಧ ಲೋಹ ಸಿಕ್ಕಿದ್ದು 0.61 ಮಿಮೀನಲ್ಲಿ, ಅಂಚಿನ ಉದ್ದಕ್ಕೆ 11 ಸೆಂಟಿಮೀಟರ್. ಮಿತಿಯ ಎರಡೂವರೆ ಪಟ್ಟು. ಇನ್ನು ಉಜ್ಜುವ ಮಾತಿಲ್ಲ, ಕತ್ತರಿಸಿ ಜೋಡಿಸುವುದೇ.

ಇಲ್ಲಿಂದ ಕಾಗದದ ಕೆಲಸ. ಕೊರೋಷನ್‌ಗೆ ಮೂರು ಲೆವೆಲ್. ಎರಡು ತಪಾಸಣೆಗಳ ನಡುವೆ ಹುಟ್ಟಿದ್ದು ಒಂದೆರಡು ಕಡೆ ಮಾತ್ರ ಇದ್ದು, ಮಿತಿಯೊಳಗೆ ಉಜ್ಜಿದರೆ ಹೋಗುವಂತಿದ್ದರೆ ಲೆವೆಲ್ 1. ಅದೇ ಅವಧಿಯಲ್ಲಿ ಹುಟ್ಟಿದ್ದು ಮಿತಿ ಮೀರಿ ರಿಪೇರಿ ಬೇಡಿದರೆ ಲೆವೆಲ್ 2. ಹಾರಾಟದ ಸುರಕ್ಷತೆಗೇ ತುರ್ತು ಅಪಾಯ ಅನ್ನಿಸಿದರೆ ಲೆವೆಲ್ 3, ಆಗ ಇದೇ ಮಾದರಿಯ ಉಳಿದ ವಿಮಾನಗಳನ್ನೂ ಓಡಿಹೋಗಿ ನೋಡಬೇಕು. ನಮ್ಮದು ಲೆವೆಲ್ 2. ಅಂದರೆ ಈ ಬೀಮ್ ಸರಿಮಾಡಿದರೆ ಸಾಲದು. ಈ ಜಾಗವನ್ನು ಎಷ್ಟು ವರ್ಷಕ್ಕೊಮ್ಮೆ ತೆರೆಯಬೇಕು ಅನ್ನುವ ಲೆಕ್ಕವೇ ತಪ್ಪಿದೆ ಅಂತ ಒಪ್ಪಿಕೊಂಡು ಬದಲಾಯಿಸಬೇಕು.

"ಇಷ್ಟು ಚಿಕ್ಕದಕ್ಕೆ ಇಷ್ಟೊಂದು ಫಾರ್ಮ್ ತುಂಬಬೇಕಾ ಸರ್?" ಅಂದ ಹುಡುಗ. ಕೂರಿಸಿಕೊಂಡು 1988ರ ಏಪ್ರಿಲ್ 28ರ ಕಥೆ ಹೇಳಿದೆ. ಹವಾಯಿಯ ಹಿಲೋದಿಂದ ಹೊನೊಲುಲುಗೆ ಹೊರಟಿದ್ದ ಅಲೋಹಾ ಏರ್‌ಲೈನ್ಸ್‌ನ 243ನೇ ಫ್ಲೈಟ್, ಬೋಯಿಂಗ್ 737-200. 24,000 ಅಡಿಯಲ್ಲಿ ಮುಂಭಾಗದ ಛಾವಣಿ ಸುಮಾರು 18 ಅಡಿ ಉದ್ದಕ್ಕೆ ಕಿತ್ತು ಹಾರಿಹೋಯಿತು. ಒಬ್ಬ ಗಗನಸಖಿ ಗಾಳಿಗೆ ಸಿಕ್ಕಿ ಹೊರಗೆ ಎಸೆಯಲ್ಪಟ್ಟು ತೀರಿಹೋದರು. ಪೈಲಟ್‌ಗಳು ಅದೇ ಸ್ಥಿತಿಯಲ್ಲಿ ಮಾವಿ ದ್ವೀಪದಲ್ಲಿ ಇಳಿಸಿದರು. ವಿಮಾನಕ್ಕೆ ಆಗ 19 ವರ್ಷ. ಆದರೆ ದ್ವೀಪದಿಂದ ದ್ವೀಪಕ್ಕೆ ಚಿಕ್ಕ ಚಿಕ್ಕ ಹಾರಾಟ ಮಾಡಿ ಮಾಡಿ 89,680 ಸಲ ಏರಿ ಇಳಿದಿತ್ತು, ಅದೂ ಸಮುದ್ರದ ಉಪ್ಪುಗಾಳಿಯಲ್ಲಿ. ತಗಡುಗಳ ಜೋಡಣೆಯಲ್ಲಿದ್ದ ಅಂಟು ಬಿಟ್ಟುಕೊಂಡು ತೇವ ಒಳಗೆ ಸೇರಿತ್ತು. ಅಂಟು ಹೊರಬೇಕಾದ ಭಾರ ರಿವೆಟ್ ತೂತುಗಳ ಮೇಲೆ ಬಿತ್ತು. ತೂತಿನಿಂದ ತೂತಿಗೆ ಸಣ್ಣ ಸಣ್ಣ ಬಿರುಕುಗಳು ಕೈ ಕೈ ಹಿಡಿದುಕೊಂಡವು.

ನಾವು ತುಂಬುವ ಈ ಫಾರ್ಮ್ ಹುಟ್ಟಿದ್ದು ಆಮೇಲೆ. 1990ರಲ್ಲಿ ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎ ಹಳೆಯ ಮಾದರಿಗಳಿಗೆ ಕೊರೋಷನ್ ತಡೆಯುವ ಕಾರ್ಯಕ್ರಮವನ್ನು ಕಡ್ಡಾಯ ಮಾಡಿತು. ಹುಡುಗ ಸುಮ್ಮನೆ ಪೆನ್ ತೆಗೆದ.

ದಿನ 5 ಮತ್ತು 6

ಬದಲಿ ಭಾಗ ಬರಲು ಎರಡು ದಿನ. ಅಷ್ಟರಲ್ಲಿ ಲೆವೆಲ್ 1ರ ಎರಡು ಬೀಮ್ ಮುಗಿಸಿದೆವು. ಉಜ್ಜಿದ್ದು 0.08 ಮತ್ತು 0.11 ಮಿಮೀ. ಎಡ್ಡಿ ಕರೆಂಟ್ ಸ್ವಚ್ಛ. ಈ ಸಲ ನಾನೇ ಎರಡೆರಡು ಸಲ ನೋಡಿ ಅಂದೆ.

ಬರೀ ಲೋಹದ ಮೇಲೆ ಮೊದಲು ಅಲೋಡೈನ್, ಅಂದರೆ ಲೋಹದ ಮೈಯಲ್ಲೇ ಕೊರೋಷನ್ ತಡೆಯುವ ತೆಳು ಪೊರೆ ಹುಟ್ಟಿಸುವ ದ್ರವ. ಅದಕ್ಕೂ ಮುಂಚೆ ನೀರಿನ ಪರೀಕ್ಷೆ. ಶುದ್ಧ ನೀರು ಹಾಕಿದರೆ ಒಂದೇ ಪೊರೆಯಾಗಿ ಹರಡಬೇಕು. ಒಡೆದು ಹನಿಗಳಾದರೆ ಎಲ್ಲೋ ಜಿಡ್ಡಿದೆ, ಮತ್ತೆ ಒರೆಸಬೇಕು. ನಮಗೆ ಮೂರನೇ ಸಲಕ್ಕೆ ಪೊರೆ ನಿಂತಿತು. ಆಮೇಲೆ ಬ್ರಷ್‌ನಿಂದ ಅಲೋಡೈನ್ ಹಚ್ಚಿ ಒಣಗಲು ಬಿಡದೆ ಒದ್ದೆಯಾಗಿಯೇ ಇಟ್ಟೆವು. ಎರಡು ನಿಮಿಷದಲ್ಲಿ ಬೆಳ್ಳಿ ಬಣ್ಣದ ಲೋಹ ಮೆಲ್ಲಗೆ ಚಿನ್ನದ ಬಣ್ಣಕ್ಕೆ ತಿರುಗಿತು. ಈ ಕೆಲಸದಲ್ಲಿ ಕಣ್ಣಿಗೆ ಹಬ್ಬ ಅನ್ನಿಸುವ ಗಳಿಗೆ ಇದೊಂದೇ. ಜಾಸ್ತಿ ಹೊತ್ತು ಬಿಟ್ಟರೆ ಪುಡಿಪುಡಿ ಕಂದಾಗುತ್ತದೆ, ಪೇಂಟ್ ಹಿಡಿಯಲ್ಲ.

ಆದರೆ ಇದರಲ್ಲಿರುವುದು ಹೆಕ್ಸಾವೇಲೆಂಟ್ ಕ್ರೋಮಿಯಂ, ಕ್ಯಾನ್ಸರ್ ತರುವ ವಸ್ತು. ಗ್ಲೌಸ್, ಮಾಸ್ಕ್, ಕನ್ನಡಕ ಇಲ್ಲದೆ ಬಾಟಲಿ ತೆರೆಯಬೇಡಿ. ಇನ್ನೊಂದು, ಒರೆಸಿದ ಬಟ್ಟೆಯನ್ನು ಹಾಗೇ ಮುದ್ದೆ ಮಾಡಿ ಎಸೆಯಬಾರದು. ಒಣಗಿದರೆ ಬೆಂಕಿ ಹತ್ತಬಹುದು. ನೀರಲ್ಲಿ ಅದ್ದಿ, ಅದಕ್ಕೇ ಇಟ್ಟ ಡಬ್ಬಿಗೆ ಹಾಕಬೇಕು. ಮೇಲೆ ಎರಡು ಕೋಟ್ ಎಪಾಕ್ಸಿ ಪ್ರೈಮರ್.

ದಿನ 7 ಮತ್ತು 8

ಮೂರನೇ ಬೀಮ್. ಕೆಟ್ಟ ಭಾಗವನ್ನು ಅಂಚಿನಿಂದ ಕತ್ತರಿಸಿ ತೆಗೆದೆ, ಕತ್ತರಿಸಿದ ಮೂಲೆಗಳನ್ನು ದುಂಡಗೆ ಮಾಡಿದೆ. ಖಾಲಿ ಜಾಗಕ್ಕೆ ಅದೇ ದಪ್ಪದ ಫಿಲ್ಲರ್. ಪಟ್ಟಿಯ ಕೆಳಗೆ ಟಿ73 ಹದದ ಹೊಸ ಆಂಗಲ್ (ಎಲ್ ಆಕಾರದ ಪಟ್ಟಿ), ಮೂಲಕ್ಕಿಂತ ಒಂದು ಗೇಜ್ ದಪ್ಪ. ಕ್ಲೆಕೋ ಅನ್ನುವ ಸ್ಪ್ರಿಂಗ್ ಪಿನ್‌ಗಳಿಂದ ತಾತ್ಕಾಲಿಕವಾಗಿ ಹಿಡಿಸಿ ತೂತು ಕೊರೆದು, ಮತ್ತೆ ಎಲ್ಲಾ ಬಿಚ್ಚಿದೆವು. ಬಿಚ್ಚುವುದು ಬೇಡ ಅನ್ನಿಸುವುದು ಸಹಜ, ಎಲ್ಲಾ ಚೆನ್ನಾಗಿ ಕೂತಿರುತ್ತದೆ. ಆದರೆ ಮಧ್ಯೆ ಸಿಕ್ಕಿದ ಲೋಹದ ಚೂರು, ತೂತಿನ ಮುಳ್ಳು ತೆಗೆಯದೆ ಬಿಟ್ಟರೆ ಎರಡು ತಗಡು ಒಂದಕ್ಕೊಂದು ಕೂರುವುದೇ ಇಲ್ಲ. ಆ ಸಂದಿಗೆ ಬರುವ ಮೊದಲ ಅತಿಥಿ ನೀರು.

ಹೊಸ ತುಂಡುಗಳಿಗೂ ಅಲೋಡೈನ್, ಪ್ರೈಮರ್. ಆಮೇಲೆ ಪಾಲಿಸಲ್ಫೈಡ್ ಸೀಲಂಟ್, ಬಿ-2. ಆ ಎರಡು ಅಂದರೆ ಕಲಸಿದ ಮೇಲೆ ಕೈಗೆ ಸಿಗುವುದು ಎರಡು ಗಂಟೆ. ಕೂರುವ ಮೈಗೆಲ್ಲ ಹಚ್ಚಿ, ಒಂದೊಂದು ಹೈ-ಲಾಕ್ ಬೋಲ್ಟ್ ಅನ್ನೂ ಸೀಲಂಟ್‌ನಲ್ಲಿ ಅದ್ದಿಯೇ ತೂತಿಗೆ ಇಳಿಸಿದೆವು. ನಟ್ ಬಿಗಿಯುತ್ತಾ ಹೋದರೆ ಸರಿಯಾದ ಬಿಗಿ ಬಂದಾಗ ಅದರ ತಲೆ ಟಕ್ ಅಂತ ಮುರಿದು ಕೈಗೆ ಬರುತ್ತದೆ. ಆ ಸದ್ದಿನ ಜೊತೆಗೇ ಅಂಚಿನ ಸುತ್ತ ಸೀಲಂಟ್ ಒಂದೇ ಎಳೆಯಾಗಿ ಹೊರಗೆ ಉಕ್ಕಬೇಕು. ಎಳೆ ಎಲ್ಲಾದರೂ ತುಂಡಾಗಿದ್ದರೆ ಅಲ್ಲಿ ಒಳಗೆ ಗಾಳಿ ಉಳಿದಿದೆ. ನಮಗೆ ಒಂದು ಮೂಲೆಯಲ್ಲಿ ತುಂಡಾಗಿತ್ತು. ಎರಡು ಗಂಟೆಯಲ್ಲಿ ಇನ್ನೂ 40 ನಿಮಿಷ ಉಳಿದಿತ್ತು, ಆ ಮೂಲೆಯ ಕೊನೆಯ ಎರಡು ಹೈ-ಲಾಕ್ ತೆಗೆದು ಮತ್ತೆ ಹಾಕಿದೆವು.

ದಿನ 9

ಸೀಲಂಟ್ ಒಣಗುವವರೆಗೆ ಬೇರೆ ಪ್ರಶ್ನೆ. ಆರು ಬೀಮ್‌ನಲ್ಲಿ ಇದೊಂದೇ ಯಾಕೆ?

ತೆಗೆದಿಟ್ಟ ಪ್ಯಾನೆಲ್‌ಗಳನ್ನು ಮಗುಚಿ ಹಾಕಿ, ಇದ್ದ ಕ್ರಮದಲ್ಲೇ ನೆಲದ ಮೇಲೆ ಜೋಡಿಸಿದೆವು. ಅಡಿಮೈ ಮೇಲೆ ಕಾಫಿ ಕಲೆಯ ದಾರಿ ಸ್ಪಷ್ಟವಾಗಿತ್ತು. ಕಾಫಿ ಮೇಕರ್ ಇರುವ ಕಡೆಯ ಎರಡು ಪ್ಯಾನೆಲ್‌ಗಳ ಸಂದಿನಲ್ಲಿ ಸುಮಾರು 7 ಸೆಂಟಿಮೀಟರ್ ಸೀಲಂಟ್ ಇಲ್ಲ. ಅಲ್ಲಿಂದ ಕಲೆ ನೇರ ಮೂರನೇ ಬೀಮ್‌ಗೆ. ಬೀಮ್ ಮೇಲೆ ನೀರು ತಾಗದಿರಲಿ ಅಂತ ಟೇಪ್ ಅಂಟಿಸಿರುತ್ತಾರೆ. ಅದರ ಒಂದು ಅಂಚು ಎದ್ದಿತ್ತು. ನೀರು ಅದರ ಕೆಳಗೆ ನುಗ್ಗಿ ಅಲ್ಲೇ ನಿಂತಿತ್ತು. ಟೇಪ್ ಇಲ್ಲದಿದ್ದರೆ ಬಹುಶಃ ಒಣಗಿಯಾದರೂ ಹೋಗುತ್ತಿತ್ತು. ಕಾಯಲು ಕೂರಿಸಿದ್ದೇ ಕಳ್ಳನನ್ನು ಒಳಗೆ ಕೂಡಿ ಹಾಕಿಕೊಂಡಿತ್ತು.

ಇನ್ನೊಂದು, ಮೊದಲ ದಿನದ ಕಾಗದದ ಮುದ್ದೆ. ಹುಡುಗನಿಗೆ ನೆನಪಿತ್ತು, "ಅದು ಡ್ರೈನ್ ತೂತಿನ ಹತ್ತಿರ ಇತ್ತು ಸರ್." ವಿಮಾನದ ಹೊಟ್ಟೆಯಲ್ಲಿ ನೀರು ಹೋಗಲು ಡ್ರೈನ್ ವಾಲ್ವ್‌ಗಳಿರುತ್ತವೆ. ಹಾರುವಾಗ ಒಳಗಿನ ಗಾಳಿಯ ಒತ್ತಡಕ್ಕೆ ಮುಚ್ಚಿಕೊಳ್ಳುತ್ತವೆ, ಕೆಳಗೆ ಇಳಿದಾಗ ತೆರೆದುಕೊಳ್ಳುತ್ತವೆ. ದಾರಿಯಲ್ಲಿ ನ್ಯಾಪ್ಕಿನ್ ಕೂತಿದ್ದರೆ ತೆರೆದು ಏನು ಬಂತು? ಬ್ಲ್ಯಾಂಕೆಟ್‌ನ ನೀರಿನ ಗುಟ್ಟೂ ಅಲ್ಲೇ ಇತ್ತು. ವಾಲ್ವ್‌ಗಳನ್ನೆಲ್ಲ ಬಿಚ್ಚಿ ತೊಳೆದು, ಒಂದು ಲೋಟ ನೀರು ಸುರಿದು ನೋಡಿದೆವು. ಇಳಿಯಿತು.

ಹಿಂದಿನ ಚೆಕ್‌ನ ಕಾರ್ಡ್, ಅಂದರೆ ಕೆಲಸ ಮಾಡಿದವರು ತಮ್ಮ ನಂಬರಿನ ಸ್ಟಾಂಪ್ ಒತ್ತುವ ಹಾಳೆ, ತೆಗೆಸಿ ನೋಡಿದೆ. ಕಾಫಿ ಮೇಕರ್ ಕಡೆಯ ಪ್ಯಾನೆಲ್ ಮುಚ್ಚಿದವರ ಸ್ಟಾಂಪ್ ನನ್ನದಲ್ಲ. ಉಸಿರು ಬಿಟ್ಟೆ. ಆಮೇಲೆ ಪಕ್ಕದ ಪ್ಯಾನೆಲ್‌ನ ಕಾರ್ಡ್ ನೋಡಿದೆ. ಅದರಲ್ಲಿ ನನ್ನದೇ ನಂಬರ್. ಸಂದು ಅಂದರೆ ಎರಡು ಪ್ಯಾನೆಲ್‌ಗೂ ಸೇರಿದ್ದು, ಅಲ್ವಾ.

ದಿನ 10

ಕೊನೆಗೆ ಸಿಐಸಿ. ಎರಡು ಥರ. ಮೊದಲು ತೆಳ್ಳಗಿನದು, ರಿವೆಟ್ ಸುತ್ತ, ಸಂದಿಗಳಲ್ಲಿ ನುಸುಳಿ ನೀರನ್ನು ಹೊರಗೆ ತಳ್ಳುತ್ತದೆ. ಅದರ ಮೇಲೆ ದಪ್ಪನೆಯದು, ಮೇಣದ ಪೊರೆಯಂತೆ ಕೂರುತ್ತದೆ. ಜಾಸ್ತಿ ಹೊಡೆದಷ್ಟೂ ಒಳ್ಳೆಯದು ಅನ್ನುವುದು ತಪ್ಪು ಲೆಕ್ಕ. ದಪ್ಪ ಆದರೆ ಕೆಳಗಿನದು ಒಣಗದೆ ಧೂಳು ಹಿಡಿಯುತ್ತದೆ, ಮುಂದಿನ ಸಲ ತೆಗೆಯುವವರು ಶಾಪ ಹಾಕುತ್ತಾರೆ. ಕಂಟ್ರೋಲ್ ಕೇಬಲ್, ಪುಲ್ಲಿ, ವೈರ್ ಕಟ್ಟುಗಳಿಗೆ ಹೊದಿಕೆ ಹಾಕಿದೆವು. ಆಕ್ಸಿಜನ್ ಪೈಪ್ ಹತ್ತಿರ ಸ್ಪ್ರೇ ಗನ್ ಒಯ್ಯಲೇ ಇಲ್ಲ. ಎಣ್ಣೆ ಜಿಡ್ಡಿಗೂ ಆಕ್ಸಿಜನ್‌ಗೂ ಆಗಿ ಬರುವುದಿಲ್ಲ. ಹೊಸ ಬ್ಲ್ಯಾಂಕೆಟ್‌ಗಳನ್ನು ಸಿಐಸಿ ಒಣಗಿದ ಮೇಲೆಯೇ ಇಟ್ಟೆವು. ಆ ದ್ರವದಲ್ಲಿ ನೆಂದ ಬ್ಲ್ಯಾಂಕೆಟ್ ಬೆಂಕಿಗೆ ಮೇವು.

ಬೀಮ್‌ಗಳಿಗೆ ಹೊಸ ಟೇಪ್, ಈ ಸಲ ಅಂಚುಗಳನ್ನು ರೋಲರ್‌ನಿಂದ ಒತ್ತಿ. ಪ್ಯಾನೆಲ್ ಸಂದುಗಳಿಗೆ ಸೀಲಂಟ್. ಕಾಫಿ ಮೇಕರ್ ಕಡೆಯ ಸಂದನ್ನು ನಾನೇ ತುಂಬಿದೆ. ಹುಡುಗ ಟಾರ್ಚ್ ಹಿಡಿದು ಓರೆಯಾಗಿ ಬಿಟ್ಟ, ಹೇಳಿಕೊಡದೆಯೇ.

ಈ ಜಾಗದ ತಪಾಸಣೆ ಆರು ವರ್ಷಕ್ಕೊಮ್ಮೆ ಇತ್ತು. ಲೆವೆಲ್ 2 ವರದಿಯ ಮೇಲೆ ಎಂಜಿನಿಯರಿಂಗ್‌ನವರು ಮೂರಕ್ಕೆ ಇಳಿಸಿದರು. ಕಾರ್ಡ್‌ನಲ್ಲಿ ಒಂದು ಸಾಲು ಜಾಸ್ತಿ ಸೇರಿಸಲು ಕೇಳಿದ್ದೇನೆ: ಪ್ಯಾನೆಲ್ ಸಂದಿನ ಸೀಲಂಟ್‌ಗೆ ಬೇರೆಯೇ ಸ್ಟಾಂಪ್, ಎರಡೂ ಪ್ಯಾನೆಲ್ ಮುಚ್ಚಿದ ಮೇಲೆ. ಇನ್ನೂ ಉತ್ತರ ಬಂದಿಲ್ಲ. 60 ಸ್ಕ್ರೂಗಳೂ ಹೊಸವು.